ಕೆನ್ನೆ ಮೇಲಿನ ಕೆಂಪು ಕಲೆ ಎಲ್ಲಾ ಬಂಗು ಅಲ್ಲ, ಲೂಪಸ್ ಕೂಡ ಇರಬಹುದು

ಬಿಸಿಲಿಗೆ ಹೋಗಿ ಬಂದರೆ ಕೆನ್ನೆ, ಮೂಗಿನ ಮೇಲೆ ಚಿಟ್ಟೆ ರೆಕ್ಕೆ ಬಿಚ್ಚಿದ ಹಾಗೆ ಕೆಂಪಗಾಗುತ್ತಾ? ಬಂಗು, ಅಲರ್ಜಿ ಅಂದುಕೊಂಡು ಮೆಡಿಕಲ್ ಶಾಪ್‌ನಲ್ಲಿ ಕ್ರೀಮ್ ಕೇಳಿ ಹಚ್ಚೋರೇ ಜಾಸ್ತಿ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಕಲೆ ನಾಲ್ಕು ದಿನ ಮಾಯ, ಕಾಯಿಲೆ ಮಾತ್ರ ಒಳಗೇ ಇರುತ್ತದೆ.

ಲೂಪಸ್ ಅಂದರೆ ರೋಗನಿರೋಧಕ ಶಕ್ತಿ ನಮ್ಮ ದೇಹದ ಮೇಲೇ ತಿರುಗಿಬೀಳುವುದು. ಹೆಂಗಸರಲ್ಲಿ ಹೆಚ್ಚು. ಅಂಟುರೋಗ ಅಲ್ಲವೇ ಅಲ್ಲ. ಡಿಸ್ಕಾಯ್ಡ್ ಎಂಬ ಬಗೆಯಲ್ಲಿ ಕಿವಿ, ನೆತ್ತಿ ಮೇಲೆ ಬಿಲ್ಲೆಯಂಥ ಕಲೆ ಏಳುತ್ತದೆ. ತಡ ಮಾಡಿದರೆ ಆ ಜಾಗದಲ್ಲಿ ಮತ್ತೆ ಕೂದಲು ಹುಟ್ಟಲ್ಲ. ಬಾಯಿಯ ಅಂಗಳಿನಲ್ಲೂ ಹುಣ್ಣಾಗಬಹುದು. ಎಷ್ಟೋ ಸಲ ನೋವೇ ಇರಲ್ಲ, ಹಾಗಾಗಿ ಗೊತ್ತೂ ಆಗಲ್ಲ.

ಚರ್ಮದ ಡಾಕ್ಟರು ಅಗತ್ಯ ಬಿದ್ದರೆ ಚೂರು ಚರ್ಮ ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ರಕ್ತದ ಎಎನ್‌ಎ ಟೆಸ್ಟ್ ಪಾಸಿಟಿವ್ ಬಂತು ಅಂತ ಗಾಬರಿ ಬೇಡ, ಆರೋಗ್ಯವಂತರಲ್ಲೂ ಬರುವುದುಂಟು. ಮೂತ್ರ ಪರೀಕ್ಷೆ ಮಾತ್ರ ತಪ್ಪಿಸಬಾರದು. ಕಿಡ್ನಿಗೆ ತಗುಲಿದ್ದರೆ ಸುಳಿವು ಸಿಗೋದು ಅಲ್ಲೇ.

ಚಿಕಿತ್ಸೆಗೆ ಸನ್‌ಸ್ಕ್ರೀನ್, ಕೊಡೆ, ತುಂಬುತೋಳಿನ ಬಟ್ಟೆ, ಡಾಕ್ಟರು ಬರೆದ ಮುಲಾಮು. ಜೊತೆಗೆ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆ. ಇದರ ಗುಣ ಕಾಣಲು 2–3 ತಿಂಗಳು ಬೇಕು, ನಡುವೆ ಬಿಡಬಾರದು. ಬೀಡಿ, ಸಿಗರೇಟು ಸೇದುವವರಿಗೆ ಮಾತ್ರೆ ಅಷ್ಟಾಗಿ ಹತ್ತಲ್ಲ. ವರ್ಷಗಟ್ಟಲೆ ನುಂಗುವವರು ಕಣ್ಣಿನ ರೆಟಿನಾ ತಪಾಸಣೆ ಮಾಡಿಸುತ್ತಿರಬೇಕು.