ಕಡಲ ದಾರಿಯೂ ಹಿಪ್ಪುನೇರಳೆಯ ತೋಟವೂ

ಕೊಳ್ಳೇಗಾಲ, ಹನೂರು, ಯಳಂದೂರು ಈ ಮೂರೂ ಕಡಲಿಗೆ ಬಹು ದೂರದ ಊರುಗಳು. ಬಿಳಿಗಿರಿರಂಗನ ಬೆಟ್ಟದ ನೆತ್ತಿಯನ್ನೇರಿ ನಿಂತರೂ, ಮಾದಪ್ಪನ ಎಪ್ಪತ್ತೇಳು ಮಲೆಗಳನ್ನು ದಾಟಿದರೂ ಕಣ್ಣಿಗೆ ಬೀಳುವುದು ಕಾಡೇ ಹೊರತು ಸಮುದ್ರವಲ್ಲ. ಹೀಗಿರಲು, ಚೀನೀಯರ ಸಮುದ್ರಯಾನದ ವೃತ್ತಾಂತದಿಂದ ಈ ಸೀಮೆಯ ಗೃಹಸ್ಥರಿಗೆ ಆಗಬೇಕಾದುದೇನೆಂದು ಕೆಲವರು ಕೇಳಬಹುದು. ಪೆಟ್ಟಿಗೆಯಲ್ಲಿ ಮಡಿಸಿಟ್ಟಿರುವ ಮದುವೆಯ ರೇಷ್ಮೆಸೀರೆಯೇ ಇದಕ್ಕೆ ಉತ್ತರವನ್ನು ಹೇಳೀತು.

ಸಾಕುವ ರೇಷ್ಮೆಹುಳುವಿನ ತವರು ಚೀನಾ ದೇಶ. ಅಲ್ಲಿಯ ಕಾಡುಹುಳುವನ್ನೇ ಪಳಗಿಸಿ ಸಾವಿರಾರು ವರ್ಷಗಳ ಹಿಂದೆ ಮನೆಯ ತಟ್ಟೆಗಳಿಗೆ ತಂದರು. ನಮ್ಮ ಪೂರ್ವಿಕರು ರೇಷ್ಮೆಯ ವಸ್ತ್ರವನ್ನು ಚೀನಾಂಶುಕವೆಂದೇ ಕರೆಯುತ್ತಿದ್ದರು. ಕಾಳಿದಾಸನ ಶಾಕುಂತಲದಲ್ಲಿಯೂ ಈ ಶಬ್ದವು ಬಂದಿದೆ. ಹೆಸರು ಅಷ್ಟು ಹಿಂದೆಯೇ ಬಂದಿತೆಂದ ಮೇಲೆ ಸರಕೂ ಬರುತ್ತಿದ್ದಿತೆಂಬುದು ಸ್ಪಷ್ಟ.

ಚೀನೀ ನಾವಿಕರಲ್ಲೆಲ್ಲ ಅಗ್ರಗಣ್ಯನು ಚೆಂಗ್ ಹೋ ಎಂಬಾತನು. ಮಿಂಗ್ ವಂಶದ ಚಕ್ರವರ್ತಿಯ ಆಜ್ಞೆಯಂತೆ ಈತನು 1405ರಿಂದ 1433ರವರೆಗೆ ಏಳು ಸಲ ಪಶ್ಚಿಮ ಸಮುದ್ರಕ್ಕೆ ಯಾತ್ರೆ ಮಾಡಿದನು. ಮೊದಲನೆಯ ಯಾತ್ರೆಯಲ್ಲಿಯೇ 27,000ಕ್ಕೂ ಹೆಚ್ಚು ಮಂದಿ ಇದ್ದರೆಂದು ಆ ವಂಶದ ಚರಿತ್ರೆಯಲ್ಲಿ ಹೇಳಿದೆ. ಅಂದು ಅವರು ತಲುಪಿದ ಕೊನೆಯ ರೇವು ನಮ್ಮ ನೆರೆಯ ಕಲ್ಲಿಕೋಟೆ. ಮುಂದಿನ ಯಾತ್ರೆಗಳಲ್ಲಿ ಅರಬರ ನಾಡಿಗೂ ಆಫ್ರಿಕದ ಕರಾವಳಿಗೂ ಹೋದರು.

ನಾಲ್ಕನೆಯ ಯಾತ್ರೆಯಲ್ಲಿ ದುಭಾಷಿಯಾಗಿ ಬಂದ ಮಾ ಹುವಾನನು ಕಲ್ಲಿಕೋಟೆಯಲ್ಲಿ ತಾನು ಕಂಡುದನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಚೀನೀ ಅಧಿಕಾರಿಗಳೂ ಊರ ದಲ್ಲಾಳಿಗಳೂ ಕುಳಿತು ರೇಷ್ಮೆ ಮೊದಲಾದ ಸರಕುಗಳಿಗೆ ಒಂದೊಂದಾಗಿ ಬೆಲೆ ಕಟ್ಟುತ್ತಿದ್ದರಂತೆ. ಕಡೆಗೆ ಎಲ್ಲರೂ ಕೈಗೆ ಕೈ ಸೇರಿಸಿದರೆ, ಲಾಭವಾಗಲಿ ನಷ್ಟವಾಗಲಿ ಆ ಮಾತು ಮುರಿಯುವಂತಿರಲಿಲ್ಲ. ದನಗಳ ಜಾತ್ರೆಯಲ್ಲಿ ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ ಮಾಡಿದವರಿಗೆ ಕೈಯ ಮಾತಿನ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಸಂಗತಿಯು ನಮಗೆ ಮತ್ತೂ ಹತ್ತಿರದ್ದು. ಕಲ್ಲಿಕೋಟೆಯಲ್ಲಿ ಮಾರುವ ಒಂದು ಬಗೆಯ ಬಟ್ಟೆಯು ಪೂರ್ವಕ್ಕೆ ಬೆಟ್ಟಗಳ ಆಚೆಯಿರುವ ನಾಡಿನಿಂದ ಬರುತ್ತದೆಂದು ಮಾ ಹುವಾನನು ತಿಳಿಸುತ್ತಾನೆ. ಆ ನಾಡು ಕೊಯಮತ್ತೂರೆಂದು ವಿದ್ವಾಂಸರು ಗುರುತಿಸಿದ್ದಾರೆ. ಕೊಳ್ಳೇಗಾಲದ ತಾಲ್ಲೂಕು 1956ರವರೆಗೆ ಕೊಯಮತ್ತೂರು ಜಿಲ್ಲೆಗೇ ಸೇರಿದ್ದಿತೆಂಬುದನ್ನು ಹಿರಿಯರು ಬಲ್ಲರು. ಆ ಬಟ್ಟೆಯನ್ನು ನಮ್ಮವರೇ ನೆಯ್ದರೆಂದು ನಾವು ಸಾಧಿಸಹೊರಟಿಲ್ಲ. ರೇವಿನ ವ್ಯಾಪಾರವು ರೇವಿನಲ್ಲಿಯೇ ನಿಲ್ಲದೆ ಘಟ್ಟ ಹತ್ತಿ ಒಳನಾಡಿನ ಮಗ್ಗದವರೆಗೂ ಬರುತ್ತಿದ್ದಿತೆಂಬುದಷ್ಟೇ ನಮ್ಮ ಮಾತು.

1433ರ ತರುವಾಯ ಚೀನೀಯರ ಮಹಾನೌಕೆಗಳು ಬರುವುದು ನಿಂತುಹೋಯಿತು. 1498ರಲ್ಲಿ ಅದೇ ಕಲ್ಲಿಕೋಟೆಗೆ ವಾಸ್ಕೋ ಡ ಗಾಮನು ಬಂದಿಳಿದನು. ಆದರೆ ರೇಷ್ಮೆಯ ಕಥೆ ಅಲ್ಲಿಗೆ ಮುಗಿಯಲಿಲ್ಲ. ಟಿಪ್ಪು ಸುಲ್ತಾನನು ರೇಷ್ಮೆಹುಳುಗಳಿಗಾಗಿ ಬಂಗಾಳಕ್ಕೆ ಜನರನ್ನು ಕಳುಹಿಸಿದ್ದುದು 1786ರ ಅವನ ಪತ್ರದಿಂದ ತಿಳಿಯುತ್ತದೆ. ಮಸ್ಕತ್ತಿನಲ್ಲಿದ್ದ ತನ್ನ ಕಾರ್ಯಸ್ಥನಿಗೂ ಅವನು ಇದೇ ವಿಷಯವಾಗಿ ಬರೆದಿದ್ದನು. ಮೈಸೂರು ಸೀಮೆಯಲ್ಲಿ ಹೀಗೆ ಬೇರೂರಿದ ಕಸುಬು ಕೊಳ್ಳೇಗಾಲವನ್ನು ರೇಷ್ಮೆಯ ಪೇಟೆಯನ್ನಾಗಿ ಮಾಡಿತು. ಸುತ್ತಲಿನ ಹಳ್ಳಿಗಳಲ್ಲಿ ಹಿಪ್ಪುನೇರಳೆ ಹಬ್ಬಿತು. ಹುಳು ಜ್ವರಕ್ಕೆ ಮಲಗಿದರೆ ಮನೆಮಂದಿಯೆಲ್ಲ ತಟ್ಟೆಯ ಬಳಿ ಕಾದು ಕೂರುವಂತಾಯಿತು.

ಕಡಲು ತಂದ ಭಾಗ್ಯವನ್ನು ಕಡಲೇ ಅಲುಗಿಸಬಲ್ಲುದೆಂಬುದನ್ನು ಈಚಿನ ಕಾಲದಲ್ಲಿ ನಾವು ಕಂಡೆವು. 2011ರಲ್ಲಿ ಕೇಂದ್ರ ಸರ್ಕಾರವು ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ನೂರಕ್ಕೆ 30ರಿಂದ 5ಕ್ಕೆ ಇಳಿಸಿತು. ಚೀನಾ ನೂಲು ಅಗ್ಗವಾಯಿತು, ನಮ್ಮ ರೈತರ ಗೂಡಿನ ಬೆಲೆ ಕುಸಿಯಿತು. 2013ರಲ್ಲಿ ಸುಂಕವನ್ನು 15ಕ್ಕೆ ಏರಿಸಿದರು. ನೇಯುವವನಿಗೆ ಅಗ್ಗದ ನೂಲು ಬೇಕು, ಬೆಳೆಯುವವನಿಗೆ ಗೂಡಿಗೆ ಬೆಲೆ ಬೇಕು. ಒಂದೇ ಬೀದಿಯ ಇಬ್ಬರ ಈ ಇಕ್ಕಟ್ಟನ್ನು ದೂರದ ಹಡಗೊಂದು ಹೆಚ್ಚಿಸುತ್ತದೆ, ಇಲ್ಲವೆ ತಗ್ಗಿಸುತ್ತದೆ.

ಈ ಹಳೆಯ ದಾರಿಗಳನ್ನು ಹಳೆಯ ರೀತಿಯ ನೌಕೆಗಳಿಂದಲೇ ಮತ್ತೆ ಹಾದು ನೋಡುವ ಸಾಹಸಗಳು ನಡೆದಿವೆ. 1980ರಲ್ಲಿ ಟಿಮ್ ಸೆವೆರಿನ್ ಎಂಬವರು ತೆಂಗಿನ ನಾರಿನ ಹಗ್ಗದಿಂದ ಹಲಗೆಗಳನ್ನು ಹೊಲಿದು ಕಟ್ಟಿದ, ಒಂದು ಮೊಳೆಯನ್ನೂ ಬಳಸದ ಹಡಗಿನಲ್ಲಿ ಒಮಾನಿನಿಂದ ಹೊರಟು, ಮಲಬಾರಿನ ಮೇಲೆ ಹಾದು, 1981ರಲ್ಲಿ ಚೀನಾದ ಕ್ಯಾಂಟನ್ನನ್ನು ಸೇರಿದರು. ಮಿಂಗ್ ಕಾಲದ ಮಾದರಿಯ ಇನ್ನೊಂದು ನೌಕೆಯು ಪೆಸಿಫಿಕ್ ಸಾಗರವನ್ನು ದಾಟಿ ಅಮೆರಿಕಕ್ಕೆ ಹೋಗಿ ಹಿಂದಿರುಗುತ್ತ, 2009ರಲ್ಲಿ ತೈವಾನಿನ ಸಮೀಪದಲ್ಲಿಯೇ ಸರಕಿನ ಹಡಗಿಗೆ ಸಿಕ್ಕಿ ಎರಡು ತುಂಡಾಯಿತು. ದೈವಕೃಪೆಯಿಂದ ನಾವಿಕರು ಉಳಿದರು.

ನಮ್ಮ ನಾಡಿಗೂ ಇದರಲ್ಲಿ ಪಾಲುಂಟು. ಅಜಂತೆಯ ಚಿತ್ರದಲ್ಲಿರುವ ಹಡಗನ್ನು ನೋಡಿ ಹೊಲಿದು ಕಟ್ಟಿದ ಕೌಂಡಿನ್ಯ ಎಂಬ ನೌಕೆಯನ್ನು 2025ರ ಮೇ 21ರಂದು ಕಾರವಾರದಲ್ಲಿ ಭಾರತದ ನೌಕಾಪಡೆಗೆ ಸೇರಿಸಿಕೊಂಡರು. ಅದರ ಹಾಯಿಯ ಮೇಲೆ ನಮ್ಮೆಲ್ಲರಿಗೂ ಪರಿಚಿತವಾದ ಗಂಡಭೇರುಂಡವಿದೆ. ಅದೇ ವರ್ಷದ ಡಿಸೆಂಬರ್ 29ರಂದು ಅದು ಪೋರಬಂದರಿನಿಂದ ಮಸ್ಕತ್ತಿಗೆ ಹೊರಟಿತು. ಟಿಪ್ಪುವು ಹುಳುಗಳಿಗಾಗಿ ಬರೆದುದು ಅದೇ ಮಸ್ಕತ್ತಿಗೆ.

ಇಂತಹ ಯಾನಗಳಿಂದ ಪ್ರಯೋಜನವೇನೆಂದರೆ, ಹಿಂದಿನವರು ಗಾಳಿಯನ್ನು ಎಷ್ಟು ತಾಳ್ಮೆಯಿಂದ ಓದಿದ್ದರೆಂಬುದು ಪುಸ್ತಕದಿಂದಲ್ಲದೆ ಅನುಭವದಿಂದ ತಿಳಿಯುತ್ತದೆ. ಈಶಾನ್ಯ ಮಾರುತವು ಚೀನೀ ಹಡಗುಗಳನ್ನು ಇತ್ತ ತರುತ್ತಿತ್ತು, ನೈಋತ್ಯ ಮಾರುತವು ಹಿಂದಕ್ಕೆ ಒಯ್ಯುತ್ತಿತ್ತು. ನಮ್ಮ ಹಿಪ್ಪುನೇರಳೆಗೆ ಮಳೆ ತರುವುವೂ ಇವೇ ಎರಡು ಮಾರುತಗಳು. ಮನೆಯ ಮಕ್ಕಳಿಗೆ ಭೂಪಟವನ್ನು ತೋರಿಸುವಾಗ ಕೊಳ್ಳೇಗಾಲದಿಂದ ಕಲ್ಲಿಕೋಟೆಗೆ, ಅಲ್ಲಿಂದ ಚೀನಾಕ್ಕೆ ಹಿರಿಯರು ಒಂದು ಗೆರೆಯನ್ನು ಎಳೆದು ತೋರಿಸಲಿ. ಗೂಡಿನ ಬೆಲೆ ಏಕೆ ಇಳಿಯಿತೆಂದು ಆ ಮಕ್ಕಳು ಮುಂದೆ ಕೇಳಿದಾಗ, ಉತ್ತರವನ್ನು ಎಲ್ಲಿ ಹುಡುಕಬೇಕೆಂಬುದು ಅವರಿಗೆ ತಿಳಿದಿರುತ್ತದೆ.