ಮಣ್ಣಿನ ಗುಣ ಮರದ ತುದಿಯಲ್ಲಿ

ತೀರ್ಥಹಳ್ಳಿ ಕಡೆಯ ಓದುಗರೊಬ್ಬರು ಕೇಳಿದ್ದಾರೆ: ಮಣ್ಣು ಪರೀಕ್ಷೆಯ ವರದಿ ಚೆನ್ನಾಗಿದೆ, ಆದರೂ ನಮ್ಮ ತೇಗ ಪಕ್ಕದವರದರಷ್ಟು ಏರಿಲ್ಲ, ನೆಟ್ಟವರ ಕೈಗುಣ ಎನ್ನುತ್ತಾರಲ್ಲ, ನಿಜವೇ?

ಖಂಡಿತ ಅಲ್ಲ. ಕೈಗುಣದ ಮಾತು ಹೇಳಿ ನೆಟ್ಟ ಆಳನ್ನು ದೂರುವುದು ಅನ್ಯಾಯ. ವರದಿಯೂ ಸುಳ್ಳಲ್ಲ, ಆದರೆ ಅದು ಸಾಮಾನ್ಯವಾಗಿ ಮೇಲಿನ ಒಂದು ಗೇಣು ಮಣ್ಣಿನ ಲೆಕ್ಕ. ಭತ್ತ, ರಾಗಿಗೆ ಅಷ್ಟು ಸಾಕು. ತೇಗದ ಬೇರು ಇನ್ನೂ ಕೆಳಗಿಳಿಯುತ್ತದೆ. ಅಲ್ಲಿ ಮುರಕಲ್ಲಿನ ಹಾಸು ಸಿಕ್ಕರೆ, ಮಳೆಗಾಲದಲ್ಲಿ ನೀರು ನಿಂತರೆ, ಗೊಬ್ಬರ ಏನು ಮಾಡೀತು?

ಅರಣ್ಯ ವಿಜ್ಞಾನಿಗಳು ಇದಕ್ಕೆ ಕಂಡುಕೊಂಡ ಉಪಾಯ ನನಗೆ ತುಂಬಾ ಇಷ್ಟ. ಅವರು ಮಣ್ಣನ್ನು ಅಳೆಯಲು ತಲೆಯೆತ್ತಿ ನೋಡುತ್ತಾರೆ! ಮರದ ವಯಸ್ಸು ಗೊತ್ತಿದ್ದರೆ ಅದರ ಎತ್ತರವೇ ನೆಲದ ದರ್ಜೆ. ಸುತ್ತಳತೆ ಏಕಲ್ಲ? ಎಲ್ಲರೂ ಮರವನ್ನು ತಬ್ಬಿ ನೋಡಿಯೇ ನೆಲವನ್ನು ಹೊಗಳುವುದು. ಆದರೆ ಒತ್ತೊತ್ತಾಗಿ ನೆಟ್ಟರೆ ಕಾಂಡ ಸಣಕಲು, ಬಿಡಿಬಿಡಿಯಾಗಿ ನೆಟ್ಟರೆ ದಪ್ಪ. ಅಂದರೆ ದಪ್ಪ ಹೇಳುವುದು ಬಹುಪಾಲು ನೆಟ್ಟವರ ಲೆಕ್ಕಾಚಾರವನ್ನು. ಎತ್ತರ ಮಾತ್ರ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಅದು ಬೇರಿಗೆ ಸಿಕ್ಕ ಆಳ, ನೀರು, ಸಾರವನ್ನು ಹೇಳುತ್ತದೆ. ನೆರಳಲ್ಲಿ ಸೊರಗಿದ ಮರಗಳ ಸಾಕ್ಷಿ ಬೇಡವೆಂದು ಭಾರತದಲ್ಲಿ ಹೆಕ್ಟೇರಿಗೆ ಅತಿ ದಪ್ಪನೆಯ 250 ಮರಗಳ ಎತ್ತರವನ್ನೇ ಗಣನೆಗೆ ತೆಗೆದುಕೊಳ್ಳುತ್ತಾರೆ. 50ನೆಯ ವರ್ಷಕ್ಕೆ ಆ ಎತ್ತರ ಎಷ್ಟು ಎಂಬುದರ ಮೇಲೆ ತೇಗದ ನೆಲಕ್ಕೆ ನಾಲ್ಕು ದರ್ಜೆ.

ವಯಸ್ಸಿನ ದಾಖಲೆ ಇಲ್ಲದಿದ್ದರೆ? ಉಷ್ಣವಲಯದ ಹೆಚ್ಚಿನ ಮರಗಳಲ್ಲಿ ವರ್ಷದ ಉಂಗುರಗಳು ಸ್ಪಷ್ಟವಿರುವುದಿಲ್ಲ. ತೇಗ ಬೇಸಿಗೆಯಲ್ಲಿ ಎಲೆ ಉದುರಿಸಿ, ಮಳೆ ಬಂದಾಗ ಮತ್ತೆ ಬೆಳೆಯುವುದರಿಂದ ಅದರ ಉಂಗುರಗಳನ್ನು ಎಣಿಸಬಹುದು. ಒಂದೇ ಮರ ತನ್ನ ವಯಸ್ಸನ್ನೂ ಕಾಲಡಿಯ ಮಣ್ಣನ್ನೂ ಹೇಳುತ್ತದೆ.

1840ರ ದಶಕದಲ್ಲಿ ಶುರುವಾದ ಕೇರಳದ ನಿಲಂಬೂರಿನ ತೇಗದ ನೆಡುತೋಪಿಗೆ ಹೋದವರು ಚಾಲಿಯಾರ್ ದಂಡೆಯ ಮರಗಳನ್ನು ಕಣ್ತುಂಬ ನೋಡಿರುತ್ತಾರೆ. ಅಲ್ಲಿರುವುದು ಹೊಳೆ ತಂದ ಆಳವಾದ ಮೆಕ್ಕಲು ಮಣ್ಣು, ನೀರು ಬಸಿದು ಹೋಗುವ ನೆಲ. ಅದನ್ನು ತೋರಿಸಿ ಗುಡ್ಡದ ಮುರಕಲ್ಲು ನೆಲಕ್ಕೂ ತೇಗದ ಸಸಿ ಮಾರುವವರಿದ್ದಾರೆ. ‘ಇಷ್ಟು ವರ್ಷಕ್ಕೆ ಇಷ್ಟು ಲಕ್ಷ’ ಎಂಬ ಅವರ ಮಾತನ್ನು ದಯವಿಟ್ಟು ನಂಬಬೇಡಿ.

ಓದುಗರಿಗೆ ನನ್ನ ಸಲಹೆ ಇಷ್ಟು. ಮರಗಳ ಎತ್ತರ ಅಳೆಯಿರಿ: ಸಮತಟ್ಟು ನೆಲದಲ್ಲಿ ತುದಿ 45 ಡಿಗ್ರಿ ಕೋನದಲ್ಲಿ ಕಾಣುವವರೆಗೆ ಹಿಂದೆ ಸರಿದರೆ, ಬುಡಕ್ಕಿರುವ ದೂರಕ್ಕೆ ನಿಮ್ಮ ಕಣ್ಣಿನ ಎತ್ತರ ಸೇರಿಸಿದರಾಯಿತು. ಆಮೇಲೆ ಅತಿ ಗಿಡ್ಡ ಮರಗಳಿರುವ ಕಡೆ, ಸಾಲುಗಳ ನಡುವೆ, ಎದೆಮಟ್ಟದ ಗುಂಡಿ ತೋಡಿಸಿ. ಹಾರೆ ಎಷ್ಟು ಆಳದಲ್ಲಿ ಕಲ್ಲಿಗೆ ತಾಗಿತು ಎಂದು ಬರೆದು ತಿಳಿಸಿ.