ಜ್ವರ ಬಿಟ್ಟಮೇಲೆ ಯಾಕೆ ಮತ್ತೆ ಆಸ್ಪತ್ರೆಗೆ ಬರೋಕೆ ಹೇಳ್ತಾರೆ?

ಮಳೆಗಾಲದಲ್ಲಿ ಹಾಸ್ಟೆಲ್‌ನವರಾದ ನಮಗೆಲ್ಲ ಒಂದು ಲೆಕ್ಕ ಬಾಯಿಪಾಠ: ಮೂರು ದಿನ ಡೋಲೋ, ನಾಲ್ಕನೇ ದಿನ ಜ್ವರ ಬಿಡ್ತು, ಐದನೇ ದಿನ ಇಂಟರ್ನಲ್ಸ್. ಬಹಳಷ್ಟು ಜ್ವರಗಳಿಗೆ ಇದು ನಡೆಯುತ್ತೆ. ಡೆಂಗ್ಯೂಗೆ ನಡೆಯಲ್ಲ.

2024ರಲ್ಲಿ ಕರ್ನಾಟಕ ಸರ್ಕಾರ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗ ಎಂದು ಘೋಷಿಸಿತು. ಅಂಥ ಹೊತ್ತಲ್ಲಿ ಓಪಿಡಿ ಸಾಲಿನಲ್ಲಿರುವ ಎಲ್ಲರಿಗೂ ಜ್ವರ, ಮೈಕೈ ನೋವು. ಎಲ್ಲರಿಗೂ ಬೆಡ್ ಕೊಡೋಕಾಗಲ್ಲ, ಕೊಡೋ ಅಗತ್ಯವೂ ಇಲ್ಲ. ಯಾರನ್ನು ಮನೆಗೆ ಕಳಿಸೋದು, ಯಾರನ್ನು ಉಳಿಸಿಕೊಳ್ಳೋದು?

ಇದಕ್ಕಾಗಿ ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಎಚ್ಚರಿಕೆಯ ಲಕ್ಷಣಗಳ ಪಟ್ಟಿ ಕೊಟ್ಟಿತು. ಜ್ವರ ಎಷ್ಟು ಡಿಗ್ರಿ ಅನ್ನೋದು ಅದರಲ್ಲಿ ಇಲ್ಲವೇ ಇಲ್ಲ! ಇರೋದು ಹೊಟ್ಟೆನೋವು, ನಿಲ್ಲದ ವಾಂತಿ, ವಸಡು ಅಥವಾ ಮೂಗಿನಲ್ಲಿ ರಕ್ತ, ವಿಪರೀತ ಸುಸ್ತು ಅಥವಾ ಚಡಪಡಿಕೆ, ಇಂಥವು.

ಕಾರಣ ಸೋರಿಕೆ. ಡೆಂಗ್ಯೂ ತೀವ್ರವಾದಾಗ ರಕ್ತನಾಳದ ಗೋಡೆ ಸಡಿಲವಾಗಿ ರಕ್ತದ ನೀರಿನಂಶ ಹೊಟ್ಟೆಗೋ ಎದೆಗೋ ಇಳಿಯುತ್ತೆ. ಕಣಗಳು ನಾಳದಲ್ಲೇ ಉಳಿಯೋದರಿಂದ ರಕ್ತ ಗಟ್ಟಿಯಾಗುತ್ತೆ. ಇದು 24ರಿಂದ 48 ಗಂಟೆಗಳ ಆಟ. ಶುರುವಾಗೋದು ಸಾಮಾನ್ಯವಾಗಿ ಮೂರರಿಂದ ಏಳನೇ ದಿನದೊಳಗೆ, ಸರಿಯಾಗಿ ಜ್ವರ ಇಳಿಯೋ ಹೊತ್ತಿಗೆ. ನಾವು ಥರ್ಮಾಮೀಟರ್ ಎತ್ತಿಟ್ಟು ಬ್ಯಾಗ್ ಹಿಡಿಯೋ ಸಮಯ ಅದೇ.

ಬಿಪಿ ನೋಡಿದ್ರೆ ಗೊತ್ತಾಗಲ್ವಾ? ಗೊತ್ತಾಗುತ್ತೆ, ಆದರೆ ಮೇಲಿನ ಸಂಖ್ಯೆ ಮಾತ್ರ ನೋಡಿದ್ರೆ ಮೋಸ ಹೋಗ್ತೀವಿ. 120/80 ಇದ್ದದ್ದು 110/90 ಆಯ್ತು ಅಂದ್ಕೊಳ್ಳಿ. 110 ಅಂದ್ರೆ ನಾರ್ಮಲ್ ಅನ್ಸುತ್ತೆ. ಆದರೆ ಎರಡರ ನಡುವಿನ ಅಂತರ 40ರಿಂದ 20ಕ್ಕೆ ಇಳಿದಿದೆ. ಡೆಂಗ್ಯೂ ರೋಗಿಯಲ್ಲಿ ಅದು ಶಾಕ್‌ನ ಲಕ್ಷಣ. ಕೈಕಾಲು ತಣ್ಣಗಾಗೋದೂ ಅದರ ಜೊತೆಗೇ ಬರಬಹುದು. ಅದಕ್ಕೇ ನರ್ಸ್ ಬಂದು ಕೈ ಮುಟ್ಟಿ ನೋಡೋದು, ಮೂತ್ರ ಹೋಯ್ತಾ ಅಂತ ಪದೇ ಪದೇ ಕೇಳೋದು. ನಮಗೆ ಮುಜುಗರ, ಅವರಿಗೆ ಅದೇ ರೀಡಿಂಗ್.

ಇನ್ನು ಪ್ಲೇಟ್‌ಲೆಟ್. ಯಾರಿಗೆ ಡೆಂಗ್ಯೂ ಅಂದ್ರೂ ನಾವು ಕೇಳೋ ಮೊದಲ ಪ್ರಶ್ನೆ ‘ಎಷ್ಟಿದೆ?’. ಆ ಒಂದೇ ಸಂಖ್ಯೆಯಿಂದ ಸೋರಿಕೆ ತಿಳಿಯಲ್ಲ. ಅದೇ ಸಿಬಿಸಿ ರಿಪೋರ್ಟ್‌ನಲ್ಲಿ ಹೆಮಟೋಕ್ರಿಟ್ ಅನ್ನೋ ಸಾಲಿರುತ್ತೆ. ಪ್ಲೇಟ್‌ಲೆಟ್ ಬೇಗ ಇಳೀತಾ ಹೆಮಟೋಕ್ರಿಟ್ ಏರ್ತಾ ಇದ್ರೆ ಡಾಕ್ಟರ್ ಎಚ್ಚೆತ್ತುಕೊಳ್ತಾರೆ. ಒಂದು ರಿಪೋರ್ಟ್ ಸಾಲಲ್ಲ, ನಿನ್ನೆಯದ್ದೂ ಬೇಕು. ಹಾಗಾಗಿ ಹಳೇ ರಿಪೋರ್ಟ್ ಎಸೀಬೇಡಿ. ಮೈಕೈ ನೋವಿಗೆ ಅಂತ ಐಬುಪ್ರೊಫೇನ್, ಆಸ್ಪಿರಿನ್ ನುಂಗಲೂಬೇಡಿ, ರಕ್ತಸ್ರಾವದ ಅಪಾಯ ಹೆಚ್ಚುತ್ತೆ.

ಜ್ವರ ಶುರುವಾದ ದಿನಾಂಕವನ್ನು ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳಿ. ಮೊದಲ ದಿನಗಳಲ್ಲಾದರೆ ಎನ್‌ಎಸ್1 ಟೆಸ್ಟ್, ಐದು ದಿನ ದಾಟಿದ್ರೆ ಐಜಿಎಂ. ಇವತ್ತು ಎಷ್ಟನೇ ದಿನ ಅಂತ ಡಾಕ್ಟರ್ ಕೇಳಿದಾಗ ‘ಮೊನ್ನೆನೋ ಆಚೆ ಮೊನ್ನೆನೋ’ ಅಂದ್ರೆ ಅವರಿಗೆ ಯಾವ ಲೆಕ್ಕವೂ ಸಿಗಲ್ಲ.